ಗಿಲಕಿ ಹುಡುಕಿಕೊಂಡು ಚನ್ನಪಟ್ಟಣಕ್ಕೆ, ಹಾಗೇ ಮೈಸೂರಿಗೂ

ತಂಗಿ ಪುಣೆಯಿಂದ ದಸರೆಗೆ ಬರುವವಳಿದ್ದಳು. ಅವಳ ಮಗುವಿಗೆ 8 ತಿಂಗಳು, ಕೈಗೆ ಸಿಕ್ಕಿದ್ದೆಲ್ಲ ಸೀದಾ ಬಾಯಿಗೆ. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, "ಅಕ್ಕ, ಏನಾದರೂ ತಗೋ, ಪ್ಲಾಸ್ಟಿಕ್ ಮಾತ್ರ ಬೇಡ." ನಮ್ಮ ಏರಿಯಾದ ದೊಡ್ಡ ಆಟಿಕೆ ಅಂಗಡಿಗೆ ಹೋಗಿ ನೋಡಿದೆ. ಮರದ್ದು ಅಂತ ಇದ್ದದ್ದು ಒಂದೇ ಕಪಾಟು. ಎಲ್ಲ ಡಬ್ಬಿಯ ಮೇಲೂ ಹಸಿರು ಎಲೆಯ ಚಿತ್ರ, ಒಳಗಿನ ಬಣ್ಣ ಏನು ಅಂತ ಕೇಳಿದರೆ ಅಲ್ಲಿನ ಹುಡುಗನಿಗೇ ಗೊತ್ತಿಲ್ಲ. ಮರದ ಗೊಂಬೆಗಳ ಊರು ಚನ್ನಪಟ್ಟಣ ಇರೋದು ಬೆಂಗಳೂರಿನಿಂದ 60 ಕಿಲೋಮೀಟರ್ ದೂರದಲ್ಲಿ, ಅಲ್ಲಿಗೇ ಯಾಕೆ ಹೋಗಬಾರದು ಅನ್ನಿಸಿತು. ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು ನೋಡಿ. ಮದ್ದೂರಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ಎರಡು ವರ್ಷ ಆಯ್ತು, ಹಾಗೇ ಮೈಸೂರಿಗೂ ಹೋಗಿಬರೋಣ ಅಂದರು. ಅರ್ಧ ದಿನದ ಕೆಲಸ ಮೂರು ದಿನದ ಪ್ರವಾಸವಾಯಿತು. ನಾನು, ಅಮ್ಮ, ನನ್ನ 5 ವರ್ಷದ ಮಗಳು, ಒಂದು ಹಳೇ ಕಾರು.

ಮೊದಲ ದಿನ: ಹಳೇ ರೋಡು

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಎಕ್ಸ್‌ಪ್ರೆಸ್‌ವೇ ಹತ್ತಿದರೆ ಬಿಡದಿಯೂ ಸಿಗಲ್ಲ, ರಾಮನಗರವೂ ಸಿಗಲ್ಲ, ಚನ್ನಪಟ್ಟಣವಂತೂ ಪಕ್ಕದಲ್ಲೇ ಹಾದುಹೋದರೂ ಗೊತ್ತಾಗಲ್ಲ. 2023ರ ಮಾರ್ಚ್‌ನಲ್ಲಿ ಆ ರೋಡು ಉದ್ಘಾಟನೆಯಾದ ಮೇಲೆ ನಾನೇ ಎಷ್ಟು ಸಲ ಹಾಗೆ ಮೈಸೂರಿಗೆ ಹೋಗಿಲ್ಲ! ಗೊಂಬೆ ಅಂಗಡಿಗಳು ಬೇಕಾದರೆ ಹಳೇ ರೋಡನ್ನೇ ಹಿಡಿಯಬೇಕು. ಕಾರಿಲ್ಲದವರಿಗೆ ರೈಲೇ ಸುಲಭ. ಚನ್ನಪಟ್ಟಣ ಸ್ಟೇಷನ್ ಊರೊಳಗೇ ಇದೆ, ಇಳಿದು ಆಟೋ ಹಿಡಿದರೆ ಆಯ್ತು.

ಬಿಡದಿಯಲ್ಲಿ ತಟ್ಟೆ ಇಡ್ಲಿ. ಬೆಣ್ಣೆ ಇನ್ನೂ ಕರಗುತ್ತಿತ್ತು, ಅಷ್ಟರಲ್ಲಿ ಮಗಳು ಇಡ್ಲಿಯ ಮಧ್ಯಕ್ಕೆ ಬೆರಳು ತೂರಿಸಿ "ಅಮ್ಮಾ, ಚಕ್ರ" ಅಂದಳು. ರಾಮನಗರ ದಾಟುವಾಗ ಮೋಡ ಕವಿದಿತ್ತು, ಬಂಡೆಗಳ ತಲೆ ಕಾಣುತ್ತಿರಲಿಲ್ಲ. ಅಮ್ಮ ಆಗ ನೆನಪಿಸಿಕೊಂಡರು, ಇದು ಪಿತೃಪಕ್ಷ, ಹೊಸ ಸಾಮಾನು ಕೊಳ್ಳೋ ಹಾಗಿಲ್ಲ. ಕಾರಿನಲ್ಲಿ ಐದು ನಿಮಿಷ ಮೌನ. ಆಮೇಲೆ ಅವರೇ ತೀರ್ಪು ಕೊಟ್ಟರು, "ಮಕ್ಕಳ ಆಟದ ಸಾಮಾನಿಗೆ ದೋಷ ಇಲ್ಲ ಬಿಡು."

ಚನ್ನಪಟ್ಟಣ ಹತ್ತಿರವಾಗುತ್ತಿದ್ದ ಹಾಗೆ ರಸ್ತೆಯ ಎರಡೂ ಬದಿ ಅಂಗಡಿಗಳು ಶುರು. ಮುಂದೆ ಸಾಲಾಗಿ ಮರದ ಕುದುರೆಗಳು, ಕಿವಿಯ ಮೇಲೆ ಧೂಳು. ಒಳಗೆ ಹೋದರೆ ಅರ್ಧ ಅಂಗಡಿ ಚನ್ನಪಟ್ಟಣದ್ದು, ಉಳಿದರ್ಧ ಎಲ್ಲಿಯದೋ. ಪ್ಲಾಸ್ಟಿಕ್ ಗನ್ನು, ಕೀಲಿ ಕೊಟ್ಟರೆ ಕುಣಿಯುವ ಕೋತಿ, ಬ್ಯಾಟರಿ ರೈಲು. ನಾಲ್ಕು ಅಂಗಡಿ ಹತ್ತಿ ಇಳಿದೆವು. ಐದನೆಯದು ಚಿಕ್ಕದು, ಒಬ್ಬರೇ ಇದ್ದರು, ಐವತ್ತರ ಆಸುಪಾಸು. ಗ್ರಾಹಕರೂ ನಾವೊಬ್ಬರೇ. ಹೊಸ ರೋಡು ಬಂದ ಮೇಲೆ ಶನಿವಾರ ಭಾನುವಾರ ಬಿಟ್ಟರೆ ಹೀಗೇ ಅಂದರು. ಗಿಲಕಿ ತೋರಿಸಿದರು. ಕಡು ಗುಲಾಬಿ, ಮಧ್ಯೆ ಹಳದಿ ಪಟ್ಟಿ, ಅಲ್ಲಾಡಿಸಿದರೆ ಮಳೆ ಹನಿ ಹಂಚಿನ ಮೇಲೆ ಬಿದ್ದ ಹಾಗೆ ಸದ್ದು. 150 ರೂಪಾಯಿ. "ಅರಗಿನದು ಮೇಡಂ, ಪೇಂಟ್ ಅಲ್ಲ" ಅಂದರು. ಚೌಕಾಸಿ ಮಾಡದೆ ತಗೊಂಡೆ.

ಇನ್ನು ನನ್ನ ಬುದ್ಧಿವಂತಿಕೆ ಕೇಳಿ. ಕಾರಿಗೆ ಬಂದು ಕೂತು, ಮಗು ಬಾಯಿಗೆ ಹಾಕೋ ಸಾಮಾನು ಅಲ್ವಾ ಅಂತ ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದು ಟಿಶ್ಯೂಗೆ ಹಾಕಿ ಗಿಲಕಿಯನ್ನು ಚೆನ್ನಾಗಿ ಒರೆಸಿದೆ. ಟಿಶ್ಯೂ ಗುಲಾಬಿ ಆಯಿತು. ಇನ್ನೊಂದು ಸಲ ಒರೆಸಿದೆ, ಇನ್ನೂ ಗುಲಾಬಿ. ಗಿಲಕಿ ಅಂಟಂಟಾಗಿ ನನ್ನ ಬೆರಳಿನ ಗುರುತು ಅದರ ಮೇಲೆ ಕೂತಿತು.

ನನಗೆ ಸಿಟ್ಟು ನೆತ್ತಿಗೇರಿತು. ವಾಪಸ್ ಅಂಗಡಿಗೆ ಹೋಗಿ ಟಿಶ್ಯೂ ಅವರ ಮುಂದೆ ಇಟ್ಟು ಏನೇನೋ ಅಂದೆ. ಪುಟ್ಟ ಮಕ್ಕಳ ಬಾಯಿಗೆ ಹೋಗೋದು, ಹೀಗೆ ಬಣ್ಣ ಬಿಡೋದನ್ನು ಮಾರ್ತೀರಲ್ಲ, ಅಂತೆಲ್ಲ. ಅವರು "ಅದರಲ್ಲಿ ಒರೆಸಬಾರದು ಮೇಡಂ, ಒದ್ದೆ ಬಟ್ಟೆ..." ಅಂತ ಶುರು ಮಾಡಿದರು, ನಾನು ಕೇಳಿಸಿಕೊಳ್ಳಲಿಲ್ಲ. ಅವರು ಡ್ರಾಯರ್ ಎಳೆದು 150 ರೂಪಾಯಿ ಎಣಿಸಿ ಕೊಟ್ಟರು. ಗಿಲಕಿ ಮಗಳ ಕೈಯಲ್ಲಿತ್ತು. ತಗೊಳ್ಳೋಕೆ ಹೋದೆ, "ಇರಲಿ ಬಿಡಿ, ಪಾಪು ಕೈಲಿದೆ" ಅಂದರು.

ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ನಾನು ಊಟದ ಜೊತೆ ಈ ಕಥೆಯನ್ನೂ ಬಡಿಸಿದೆ, ಹೇಗೆ ದುಡ್ಡು ವಾಪಸ್ ತಗೊಂಡೆ ಅಂತ ಸ್ವಲ್ಪ ಜಂಬದಲ್ಲೇ. ಅಮ್ಮ ಮಾತ್ರ ಏನೂ ಹೇಳಲಿಲ್ಲ.

ಎರಡನೇ ದಿನ: ಕಲಾನಗರ, ಕರೆಂಟು ಹೋಯಿತು

ಮದ್ದೂರಿನಿಂದ ಮತ್ತೆ ಹಿಂದಕ್ಕೆ ಚನ್ನಪಟ್ಟಣಕ್ಕೆ. ಈ ಸಲ ಅಂಗಡಿ ಬೇಡ, ಮಾಡುವವರ ಹತ್ತಿರವೇ ಹೋಗೋಣ ಅಂತ ಕಲಾನಗರ ಕೇಳಿಕೊಂಡು ಹೋದೆವು. ಕುಶಲಕರ್ಮಿಗಳು ಇರುವ ಬಡಾವಣೆ ಅದು. ಚಿಕ್ಕ ಚಿಕ್ಕ ಮನೆಗಳು, ಮುಂದಿನ ಕೋಣೆಯಲ್ಲಿ ಮರ ತಿರುಗಿಸಿ ಕಡೆಯುವ ಲೇತು, ಹಿಂದೆ ಸಂಸಾರ. ಬೀದಿಯಲ್ಲಿ ನಡೆದರೆ ಸಾಕು, ಎಲ್ಲಿ ಗುಂಯ್ ಅಂತ ಸದ್ದು ಬರುತ್ತದೋ ಅಲ್ಲಿ ಬಾಗಿಲು ತೆರೆದಿರುತ್ತದೆ. ಒಂದು ಮಾತು, ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಬೇಡಿ. ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಒಳ್ಳೇದು. ಫೋಟೋ ತೆಗೆಯೋ ಮೊದಲು ಕೇಳಿ.

ನಾವು ಹೊಕ್ಕ ಮನೆಯಲ್ಲಿ ಒಬ್ಬ ಹಿರಿಯರು, ಅವರ ಮಗ, ಇಬ್ಬರು ಹೆಂಗಸರು. ನೆಲವೆಲ್ಲ ಮರದ ಹೊಟ್ಟು, ಮಗಳು ಚಪ್ಪಲಿ ಬಿಚ್ಚಿ ಅದರಲ್ಲಿ ಕಾಲು ಹೂತು ನಿಂತಳು. ಗೋಡೆಗೆ ಒರಗಿಸಿದ್ದು ಆಲೆ ಮರದ ತುಂಡುಗಳು. ಕೆಲವರು ಹಾಲೆ ಮರ ಅಂತಾರೆ. ದಂತದ ಬಣ್ಣ, ಗೆರೆ ಕಾಣದಷ್ಟು ನಯ, ಕೈಯಲ್ಲಿ ಹಿಡಿದರೆ ಹಗುರ. ತೊಗಟೆ ತೆಗೆದು ತಿಂಗಳುಗಟ್ಟಲೆ ಒಣಗಿಸಬೇಕಂತೆ, ಹಸಿ ಇದ್ದರೆ ಆಮೇಲೆ ಸೀಳು ಬಿಡುತ್ತದೆ. ಈ ಮರ ಮೊದಲಿನಷ್ಟು ಸಿಗಲ್ಲ, ಹಾಗಾಗಿ ರಬ್ಬರ್ ಮರವೂ ಬರುತ್ತದೆ ಅಂದರು.

ಮಗ ಒಂದು ತುಂಡನ್ನು ಲೇತಿಗೆ ಬಡಿದು ಕೂರಿಸಿದ. ಸ್ವಿಚ್ ಹಾಕಿದ್ದೇ ತಡ ಉಳಿ ತಾಗಿದ ಕಡೆಯಿಂದ ಮರ ಮಲ್ಲಿಗೆ ದಂಡೆಯ ಹಾಗೆ ಸುರುಳಿ ಸುರುಳಿಯಾಗಿ ಹಾರಿತು. ಎರಡು ನಿಮಿಷದಲ್ಲಿ ಚೌಕದ ತುಂಡು ಬುಗುರಿಯಾಯಿತು. ಆಮೇಲೆ ಹಳದಿ ಅರಗಿನ ಕಡ್ಡಿ ತಗೊಂಡು ತಿರುಗುತ್ತಿರುವ ಮರಕ್ಕೆ ಒತ್ತಿದ. ಬೆಂಕಿ ಇಲ್ಲ, ಬ್ರಷ್ ಇಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೊದಲು ಅಲ್ಲಲ್ಲಿ ಗಂಟು ಗಂಟಾಗಿ ಕೂತ ಬಣ್ಣವನ್ನು ಒಂದು ತುಂಡು ತಾಳೆಗರಿ ಒತ್ತಿ ಹಿಡಿದು ಸವರಿದ ನೋಡಿ, ಕನ್ನಡಿ ಹಾಗೆ ಹೊಳೆಯಿತು. ಆ ಗರಿಯ ತುದಿ ಸುಟ್ಟ ಹಾಗೆ ಕಂದಾಗಿತ್ತು.

ಎರಡನೇ ಬಣ್ಣ ಶುರು ಮಾಡುವಷ್ಟರಲ್ಲಿ ಜೋರು ಮಳೆ, ಹಿಂದೆಯೇ ಕರೆಂಟು ಹೋಯಿತು. ಲೇತು ನಿಧಾನವಾಗಿ ನಿಂತಿತು, ಅಕ್ಕಪಕ್ಕದ ಮನೆಗಳ ಸದ್ದೂ ನಿಂತಿತು. ಇಡೀ ಬೀದಿ ಒಮ್ಮೆಲೇ ಮೌನ. "ಇನ್ನು ಒಂದು ಗಂಟೆ ನಮಗೆ ರಜಾ" ಅಂತ ಹಿರಿಯರು ನಕ್ಕರು. ಟೀ ಬಂತು. ಹೊರಗೆ ಹೋಗೋಕೆ ಮಳೆ, ಒಳಗೆ ಕೆಲಸವಿಲ್ಲ, ಮಾತಿಗೆ ಇದಕ್ಕಿಂತ ಒಳ್ಳೇ ಸಮಯ ಬೇಕಾ?

ಅವರ ಅಜ್ಜನ ಕಾಲದಲ್ಲಿ ಕರೆಂಟಿನ ಲೇತೇ ಇರಲಿಲ್ಲ. ನೆಲದ ಮೇಲೆ ಕೂತು ಬಿಲ್ಲಿನಂಥ ಕೋಲಿಗೆ ಹಗ್ಗ ಸುತ್ತಿ ಒಂದು ಕೈಯಲ್ಲಿ ಎಳೆಯೋದು, ಇನ್ನೊಂದು ಕೈಯಲ್ಲಿ ಉಳಿ ಹಿಡಿಯೋದು. ಟಿಪ್ಪು ಕಾಲದಲ್ಲಿ ಪರ್ಷಿಯಾದಿಂದ ಬಂದವರು ಈ ಕೆಲಸ ಕಲಿಸಿದರು ಅನ್ನೋದು ಇಲ್ಲಿ ಎಲ್ಲರೂ ಹೇಳುವ ಕಥೆ. ಆಮೇಲೆ ಬಾವಾಸ್ ಮಿಯಾನ್ ಅನ್ನುವವರು ಜಪಾನಿನವರ ಗೊಂಬೆ ಮಾಡುವ ರೀತಿ ನೋಡಿ ಇಲ್ಲಿಗೆ ತಂದರು, ಅವರ ಹೆಸರು ಹೇಳುವಾಗ ಹಿರಿಯರು ಟೀ ಲೋಟ ಕೆಳಗಿಟ್ಟರು. ಊರಿನ ಹೆಸರಿಗೆ ರಕ್ಷಣೆ ಕೊಡುವ ಜಿಐ ಟ್ಯಾಗ್ ಬಂದ ಮೇಲೆ ಹೆಸರು ದೊಡ್ಡದಾಯಿತು, ಆದರೆ ಹೆಸರು ಹೇಳಿಕೊಂಡು ಬೇರೆ ಕಡೆಯ ಸಾಮಾನು ಮಾರುವವರೂ ಜಾಸ್ತಿಯಾದರು ಅಂದರು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಅಲ್ವಾ, ನಿಮ್ಮದಕ್ಕೆ ಇದೆಯಾ ಅಂತ ಕೇಳಿದೆ. ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಇದೆಯಂತೆ. ಮಗ ಗೋಡೆಯ ಮೊಳೆಗೆ ನೇತುಹಾಕಿದ್ದ ಗುರುತಿನ ಕಾರ್ಡು ತಂದು ತೋರಿಸಿದ. ಅಂದರೆ ಗುರುತು ಇಲ್ಲದ ಮರದ ಆಟಿಕೆ ಎಲ್ಲವೂ ಕಳ್ಳಮಾಲಲ್ಲ. ಮಾಡಿದವರು ಯಾರು ಅಂತ ಕೇಳಿದಾಗ ಅಂಗಡಿಯವರು ಹೇಳಬೇಕು, ಅಷ್ಟೇ.

ಅಷ್ಟರಲ್ಲಿ ಮಗಳು ತನ್ನ ಅಂಟಂಟು ಗಿಲಕಿಯನ್ನು ಹಿರಿಯರ ಕೈಗೆ ಕೊಟ್ಟಳು. ನಾನು ಉತ್ಸಾಹದಿಂದ ನಿನ್ನೆಯ ಕಥೆ ಹೇಳಿದೆ, ಟಿಶ್ಯೂ, ಬಣ್ಣ, ಎಲ್ಲ. ಅವರು ಗಿಲಕಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಉಗುರಿನಿಂದ ಕೆರೆದು ನೋಡಿದರು.

"ಯಾವುದರಲ್ಲಿ ಒರೆಸಿದಿರಿ ಅಂದ್ರಿ?"

"ಸ್ಯಾನಿಟೈಸರ್."

"ಅದರಲ್ಲಿ ಸ್ಪಿರಿಟ್ ಇರುತ್ತಲ್ಲಮ್ಮ. ಅರಗು ಸ್ಪಿರಿಟ್ಟಿಗೆ ಕರಗುತ್ತೆ. ಇದು ಅಸಲಿ ಅರಗು, ಅದಕ್ಕೇ ಬಿಟ್ಟಿದೆ. ಎನಾಮೆಲ್ ಪೇಂಟ್ ಆಗಿದ್ದರೆ ಇಷ್ಟು ಬೇಗ ಬರ್ತಾನೇ ಇರಲಿಲ್ಲ."

ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಅಮ್ಮ ಟೀ ಕುಡಿಯೋದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಿನ್ನೆ ರಾತ್ರಿ ಆಡದೇ ಉಳಿಸಿಕೊಂಡ ಮಾತೆಲ್ಲ ಆ ನೋಟದಲ್ಲಿತ್ತು.

ಹಿರಿಯರು ಅಲ್ಲಿಗೇ ಬಿಡಲಿಲ್ಲ. ಅರಗು ಅಸಲಿ ಇರೋದು ಒಂದು, ಅದರಲ್ಲಿ ಕಲಸಿದ ಬಣ್ಣ ಯಾವುದು ಅನ್ನೋದು ಇನ್ನೊಂದು ಅಂದರು. ಎರಡು ಡಬ್ಬಿ ತಂದಿಟ್ಟರು. ಒಂದರಲ್ಲಿ ಅರಿಶಿನದ ಹಳದಿ ಕಡ್ಡಿ, ನೀಲಿ ಗಿಡದ ಎಲೆಯಿಂದ ತೆಗೆದ ನೀಲಿ, ಕಾಚಿನ ಕಂದು, ಎಲ್ಲ ಸ್ವಲ್ಪ ಮಂಕು, ಮಳೆಗಾಲದ ಬೆಳಕಿನ ಹಾಗೆ. ಇನ್ನೊಂದರಲ್ಲಿ ಅಂಗಡಿಯಿಂದ ತಂದ ಪುಡಿಯ ಬಣ್ಣಗಳು, ಪಳಪಳ ಗುಲಾಬಿ, ಗಿಣಿ ಹಸಿರು. ನನ್ನ ಗಿಲಕಿ ಈ ಎರಡನೇ ಡಬ್ಬಿಯದು. ಈ ಪುಡಿಯಲ್ಲಿ ಒಳ್ಳೇದೂ ಇದೆ, ಕೆಟ್ಟದ್ದೂ ಇದೆ, ನೋಡಿ ಹೇಳೋಕಾಗಲ್ಲ, ಹಿಂದೆ ಸೀಸ ಇರುವ ಬಣ್ಣವೂ ಬರುತ್ತಿತ್ತು, ಬಾಯಿಗೆ ಹಾಕೋ ವಯಸ್ಸಿನ ಮಗುವಿಗೆ ಮೊದಲ ಡಬ್ಬಿಯದನ್ನೇ ತಗೊಳ್ಳಿ, ಇಲ್ಲಾಂದ್ರೆ ಬಣ್ಣವೇ ಇಲ್ಲದ್ದು, ಅಂತ ಒಂದೇ ಉಸಿರಿನಲ್ಲಿ ಹೇಳಿದರು. ಆಗ ನೆನಪಾಯಿತು. ನಿನ್ನೆಯ ಅಂಗಡಿಯವರು "ಅರಗಿನದು" ಅಂದಿದ್ದರು, ಅಷ್ಟೇ. ಗಿಡದ ಬಣ್ಣ ಅಂತ ಅವರು ಹೇಳಿಯೇ ಇರಲಿಲ್ಲ.

ಒಂದೂಕಾಲು ಗಂಟೆಯ ಮೇಲೆ ಕರೆಂಟು ಬಂತು. ಬೀದಿ ತುಂಬ ಮತ್ತೆ ಗುಂಯ್. ಮಗಳ ಅರ್ಧ ಹಳದಿ ಬುಗುರಿಗೆ ನೀಲಿ ಪಟ್ಟಿ ಬಿತ್ತು. ಬಳೆ ಜೋಡಿಸುವ ಆಟ ಒಂದು, ಮೂರು ಗಾಲಿಯ ತಳ್ಳುಗಾಡಿ ಒಂದು ತಗೊಂಡೆವು. ಬಳೆಗಳನ್ನು ಕೊಡುವ ಮುಂಚೆ ಹಿರಿಯರು ಅತಿ ಚಿಕ್ಕದನ್ನು ಎತ್ತಿ ಪಕ್ಕಕ್ಕೆ ಇಟ್ಟರು. "ಇದು ಮೂರು ವರ್ಷ ಆದ ಮೇಲೆ. ಗಂಟಲಿಗೆ ಹೋಗೋ ಗಾತ್ರ." ನೈಸರ್ಗಿಕ ಗಿಲಕಿ ಮಾತ್ರ ಅವರ ಹತ್ತಿರ ಸಿದ್ಧ ಇರಲಿಲ್ಲ, ಆರ್ಡರು ಕೊಟ್ಟರೆ ವಾರ ಬೇಕು.

ಮೂರನೇ ದಿನ: ಮೈಸೂರು, ಆಮೇಲೆ ಹಳೇ ರೋಡೇ

ರಾತ್ರಿಯೇ ಮೈಸೂರು ಸೇರಿದ್ದೆವು. ನವರಾತ್ರಿಗೆ ಎಂಟು ದಿನ ಬಾಕಿ, ಊರೆಲ್ಲ ದೀಪದ ತಂತಿ ಕಟ್ಟುವ ಗಡಿಬಿಡಿ. ನಜರ್‌ಬಾದಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರ ಬೊಂಬೆ ಮನೆಗೆ ಹೋದರೆ ಕಾಲಿಡೋಕೆ ಜಾಗವಿಲ್ಲ. ಪಟ್ಟದ ಗೊಂಬೆ, ಮದುವೆ ದಿಬ್ಬಣ, ಕೊಂಡಪಲ್ಲಿಯ ಆನೆ ಅಂಬಾರಿ. ಚೆನ್ನಾಗಿದೆ, ಆದರೆ ಇವೆಲ್ಲ ನೋಡುವ ಗೊಂಬೆ, ಆಡುವ ಗೊಂಬೆಯಲ್ಲ. "ಮುಟ್ಟಬೇಡ, ಮುಟ್ಟಬೇಡ" ಅಂತ ಹೇಳಿ ಹೇಳಿ ನನಗೇ ಸುಸ್ತು. ನಾವು ಬೇಗ ಹೊರಗೆ ಬಂದೆವು.

ದೇವರಾಜ ಮಾರ್ಕೆಟ್ಟಿನ ಹಿಂದೆ ಒಂದು ಸಣ್ಣ ಅಂಗಡಿ, ಅಕಸ್ಮಾತ್ ಸಿಕ್ಕಿದ್ದು. ವಿಳ್ಯದೆಲೆ ತಗೊಳ್ಳೋಕೆ ಅಮ್ಮ ನಿಂತಾಗ ಎದುರಿಗೆ ಅಳಗುಳಿ ಮಣೆ ಕಂಡಿತು. ಹೆಂಗಸೊಬ್ಬರು ಕೂತು ಬಟ್ಟೆಯ ಚೌಕಾಬಾರ ಹಾಸಿಗೆ ಅಂಚು ಹೊಲಿಯುತ್ತಿದ್ದರು. ಅಮ್ಮ ಅಲ್ಲೇ ಕೂತುಬಿಟ್ಟರು. ನಾಲ್ಕು ಕವಡೆ, 25 ಮನೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಮಗಳಿಗೆ ಎಣಿಕೆ ಕಲಿಸೋಕೆ ನಾನು ಎಷ್ಟು ಬಣ್ಣದ ಪುಸ್ತಕ ತಂದಿದ್ದೆನೋ. ಇಲ್ಲಿ ಅಜ್ಜಿ ಅವಳ ಕಾಯಿ ಹೊಡೆದ ಮರುಕ್ಷಣವೇ "ಇನ್ನು ಮೂರು ಬಿದ್ದರೆ ನಾನು ನಿನ್ನನ್ನ ಹೊಡೀತೀನಿ" ಅಂತ ಮನೆ ಎಣಿಸಿಕೊಂಡು ಕೂತಳು. ಅಮ್ಮ ಮೊಮ್ಮಗಳು ಅಂತ ಒಂದು ಕಾಯಿಯನ್ನೂ ಬಿಟ್ಟುಕೊಡಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಮಣೆ ಆಟಗಳ ಹುಚ್ಚು ಎಷ್ಟಿತ್ತೆಂದರೆ ತಾವೇ ಹೊಸ ಆಟ ಕಟ್ಟಿದ್ದರು, ಜಗನ್ಮೋಹನ ಅರಮನೆ ಗೋಡೆಯ ಮೇಲೂ ಬರೆಸಿದ್ದಾರೆ ಅಂತ ಆ ಹೆಂಗಸು ಹೊಲಿಗೆ ನಿಲ್ಲಿಸದೆ ಹೇಳಿದರು.

ಅಳಗುಳಿ ಮಣೆಗೆ ಕಾಳು ಕೇಳಿದೆ. ನನ್ನ ಅಜ್ಜಿ ಮನೆಯಲ್ಲಿ ಗುಲಗಂಜಿ ಇರುತ್ತಿತ್ತು, ಕೆಂಪು ಮೈ, ಕಪ್ಪು ಕಣ್ಣು, ಎಷ್ಟು ಚೆಂದ! ಅವರು ತಲೆ ಅಲ್ಲಾಡಿಸಿದರು. "ಚಿಕ್ಕ ಮಕ್ಕಳಿರೋ ಮನೆಗೆ ಗುಲಗಂಜಿ ಕೊಡಲ್ಲ. ಅಗಿದರೆ ವಿಷ." ಗಿಡದಲ್ಲೇ ಬಿಟ್ಟಿದ್ದು, ಯಾವ ಫ್ಯಾಕ್ಟರಿಯೂ ಮುಟ್ಟದ್ದು, ನನ್ನ ಎರಡು ದಿನದ ಹುಡುಕಾಟಕ್ಕೆ ಸರಿಯಾಗಿ ಹೊಂದುವ ಸಾಮಾನು, ಅದೇ ವಿಷ! ಹುಣಸೆ ಬೀಜದ ಪೊಟ್ಟಣ ಕೊಟ್ಟರು. ಅದನ್ನೂ ಸಣ್ಣ ಮಗುವಿನ ಕೈಗೆ ಸಿಗದ ಹಾಗೆ ಮೇಲಿಡಿ ಅಂದರು.

ಮಧ್ಯಾಹ್ನ ವಾಪಸ್. ಮಂಡ್ಯ ದಾಟುವಾಗ ಕಬ್ಬಿನ ಗಾಡಿಯ ಹಿಂದೆ ಅರ್ಧ ಗಂಟೆ, ಮದ್ದೂರಲ್ಲಿ ವಡೆ. ನಾನು ಎಕ್ಸ್‌ಪ್ರೆಸ್‌ವೇ ಕಡೆಗೆ ತಿರುಗಿಸೋಣ ಅಂತ ಇಂಡಿಕೇಟರ್ ಹಾಕಿದೆ. ಅಮ್ಮ "ಹಳೇ ರೋಡಲ್ಲಿ ಹೋಗು" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ.

ಅಂಗಡಿಯವರು ನಮ್ಮನ್ನು ದೂರದಿಂದಲೇ ಗುರುತು ಹಿಡಿದರು, ಎದ್ದು ನಿಂತರು. ಮತ್ತೇನು ಜಗಳವೋ ಅಂದುಕೊಂಡಿರಬೇಕು. ನಾನು 150 ರೂಪಾಯಿ ಗಾಜಿನ ಮೇಲೆ ಇಟ್ಟು "ಅಣ್ಣ, ತಪ್ಪು ನಂದು. ಸ್ಪಿರಿಟ್ಟಿಗೆ ಅರಗು ಕರಗುತ್ತೆ ಅಂತ ಗೊತ್ತಿರಲಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ದುಡ್ಡನ್ನೇ ನೋಡಿದರು. "ಕೊರೊನಾ ಆದ ಮೇಲೆ ನಿಮ್ಮಂತೆ ಎಷ್ಟೋ ಜನ ಬಂದಿದ್ದಾರೆ ಮೇಡಂ. ವಾಪಸ್ ಬಂದವರು ನೀವೇ ಮೊದಲು" ಅಂದರು.

ಅರಿಶಿನದ ಬಣ್ಣದ ಗಿಲಕಿ ಏನಾದರೂ ಇದೆಯಾ ಅಂತ ಕೇಳಿದೆ. ಅವರು ಬಗ್ಗಿ ಗಲ್ಲಾ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದರು, ಮೇಲೆ ಬೆರಳಿನಷ್ಟು ಧೂಳು. ಒಳಗೆ ಹಳೇ ಪೇಪರಿನಲ್ಲಿ ಸುತ್ತಿಟ್ಟ ಹತ್ತೋ ಹನ್ನೆರಡೋ ಗಿಲಕಿ, ಮಂಕು ಹಳದಿ, ಮಂಕು ನೀಲಿ. ಕಲಾನಗರದ ಮೊದಲ ಡಬ್ಬಿಯದೇ ಬಣ್ಣ. ಇಷ್ಟು ಒಳ್ಳೇದನ್ನು ಯಾಕೆ ಒಳಗಿಟ್ಟಿದ್ದೀರಿ?

"ಮುಂದೆ ಇಟ್ಟರೆ ಬಣ್ಣ ಹೋಗಿದೆ, ಹಳೇ ಸ್ಟಾಕು ಅಂತಾರೆ. ಬಿಸಿಲಿಗೆ ಇಟ್ಟರೆ ನಿಜವಾಗ್ಲೂ ಮಾಸುತ್ತೆ. ಎಲ್ಲರ ಕೈಯೂ ಹೋಗೋದು ಗುಲಾಬಿಗೇ."

ಮೊನ್ನೆ ಅವರು ಕೊಟ್ಟಿದ್ದು ನಾನು ಬೆರಳು ತೋರಿಸಿದ್ದನ್ನೇ. ನಾಲ್ಕು ಗಿಲಕಿ ತಗೊಂಡೆ, ಒಂದೊಂದು 180. ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಿ, ನೀರಲ್ಲಿ ನೆನೆಸಬೇಡಿ, ಬಿಸಿ ನೀರಂತೂ ಬೇಡವೇ ಬೇಡ ಅಂತ ಅವರು ಪೊಟ್ಟಣ ಕಟ್ಟುತ್ತಾ ಮೊನ್ನೆ ಹೇಳಲು ಬಿಡದ ಮಾತನ್ನೆಲ್ಲ ಹೇಳಿ ಮುಗಿಸಿದರು.

ತಂಗಿ ಬುಧವಾರ ಬಂದಳು. ಮಗುವಿನ ಕೈಗೆ ಹಳದಿ ಗಿಲಕಿ ಕೊಟ್ಟೆ. ಅದು ಒಂದು ಸಲ ಅಲ್ಲಾಡಿಸಿ, ಸದ್ದಿಗೆ ಬೆಚ್ಚಿ, ಮತ್ತೆ ಅಲ್ಲಾಡಿಸಿತು. ಬಾಯಿಯ ಹತ್ತಿರ ತರುವಷ್ಟರಲ್ಲಿ ತಂಗಿ "ಇರು ಇರು" ಅಂತ ಅದನ್ನು ಕಿತ್ತುಕೊಂಡು, ತನ್ನ ಬ್ಯಾಗಿಗೆ ಕೈ ಹಾಕಿ ಸ್ಯಾನಿಟೈಸರ್ ಬಾಟಲಿ ತೆಗೆದಳು.

"ಏಯ್!" ಅಂತ ಅಡುಗೆಮನೆಯಿಂದ ಅಮ್ಮ, ಇಲ್ಲಿಂದ ನಾನು, ಕಿಟಕಿ ಹತ್ತಿರ ಬುಗುರಿ ತಿರುಗಿಸುತ್ತಿದ್ದ ಮಗಳು, ಮೂವರೂ ಒಟ್ಟಿಗೇ ಕೂಗಿದೆವು.